ನಮ್ಮತ್ತೆ ವಿಲನ್ ಕಡೆ

ಕೊನೆಯ ಮಾಮೂಲಿ ದಿನ ಒಂದು ಮಂಗಳವಾರ. ಅವತ್ತು ಬೆಳಿಗ್ಗೆ ನಮ್ಮತ್ತೆ ತಾರಸಿ ಹತ್ತಿ ಬಾಡಿಗೆ ಮನೆಗಳ ನೀರಿನ ವಾಲ್ವ್ ಬಂದ್ ಮಾಡಿದರು. ಇಳಿದು ಬಂದು ನಾನು ಕೊಟ್ಟ ಕಾಫಿಗೆ ಹೆಸರಿಟ್ಟರು. ಕಪ್ಪು ಕನ್ನಡಕ ಹಾಕಿಕೊಂಡು ಈರುಳ್ಳಿ ಹೆಚ್ಚಿದರು. ಮಧ್ಯಾಹ್ನ ನನ್ನ ಜೊತೆ ಸಿನಿಮಾಕ್ಕೆ ಬಂದು, ಊರನ್ನೆಲ್ಲ ಉಳಿಸಿದ ಹೀರೋನನ್ನು ಬಾಯಿ ತುಂಬ ಬೈದರು. ರಾತ್ರಿ ಊಟಕ್ಕೆ ಕೂತಾಗ, "ಸಾರಿಗೆ ಉಪ್ಪು ಹಾಕೋದು ಯಾವಾಗ ಕಲೀತೀಯೇ ನೀನು?" ಅಂದರು. ಮದುವೆಯಾಗಿ ಬಂದಾಗಿನಿಂದ ಕೇಳುತ್ತಿದ್ದ ಪ್ರಶ್ನೆ. ಬುಧವಾರ ಬೆಳಿಗ್ಗೆ ಅವರು ಏಳಲಿಲ್ಲ.

ಡಾಕ್ಟರು ಬಂದು ನೋಡಿ, ನಿದ್ದೆಯಲ್ಲೇ ಹೃದಯ ನಿಂತಿದೆ, ಅವರಿಗೆ ಏನೂ ಗೊತ್ತಾಗಿರುವುದಿಲ್ಲ ಅಂದರು. ಈ ಮಾತಿನ ಮೇಲೆ ಮಾತ್ರ ನನಗೆ ನಂಬಿಕೆ ಬರಲಿಲ್ಲ. ನಮ್ಮತ್ತೆಗೆ ಗೊತ್ತಾಗದೆ ಈ ಮನೆಯಲ್ಲಿ ಒಂದು ಹಲ್ಲಿಯೂ ಸತ್ತದ್ದಿಲ್ಲ.

ಕಪ್ಪು ಕನ್ನಡಕದ ವಿಷಯ ಹೇಳಬೇಕು. ಅದು ಬಿಸಿಲಿನ ಕನ್ನಡಕವಲ್ಲ. ತ್ರೀ-ಡಿ ಸಿನಿಮಾ ನೋಡಲು ಥಿಯೇಟರಿನಲ್ಲಿ ಕೊಡುತ್ತಾರಲ್ಲ, ಆ ಪ್ಲಾಸ್ಟಿಕ್ ಕನ್ನಡಕ. ಆಟ ಮುಗಿದ ಮೇಲೆ ಬಾಗಿಲ ಹತ್ತಿರ ಇಟ್ಟಿರುವ ಡಬ್ಬಕ್ಕೆ ಹಾಕಿ ಬರಬೇಕು. ನಮ್ಮತ್ತೆ ಡಬ್ಬದ ಮೇಲೆ ಕೈ ಆಡಿಸುತ್ತಿದ್ದರು, ಕನ್ನಡಕ ಎಲೆ ಅಡಿಕೆ ಚೀಲಕ್ಕೆ ಹೋಗುತ್ತಿತ್ತು.

"ಅತ್ತೆ, ಅದು ಕಳ್ಳತನ ಅಲ್ವಾ?"

"ಟಿಕೆಟ್ ಜೊತೆ ಕನ್ನಡಕಕ್ಕೆ ಅಂತ ಬೇರೆ ಇಸ್ಕೊಂಡಿಲ್ವಾ? ದುಡ್ಡು ಅವರ ಹತ್ರ ಉಳೀತು, ಕನ್ನಡಕ ನನ್ನ ಹತ್ರ ಉಳೀತು. ಇದರಲ್ಲಿ ಕಳ್ರು ಯಾರು, ನೀನೇ ಹೇಳು. ನೀನು ಓದಿದೋಳು."

ನಾನು ಓದಿದ್ದು ಎಸ್ಸೆಸ್ಸೆಲ್ಸಿ. ಅದೂ ಎರಡನೇ ಸಲಕ್ಕೆ ಪಾಸು. ಅಷ್ಟು ಓದಿಗೆ ಈ ಪ್ರಶ್ನೆ ಹೆಚ್ಚಾಯಿತು.

ಆ ಕನ್ನಡಕವನ್ನು ಅವರು ತಮ್ಮ ನಂಬರ್ ಕನ್ನಡಕದ ಮೇಲೆ ಏರಿಸಿಕೊಂಡು, ಈಳಿಗೆಮಣೆ ಮೇಲೆ ಕೂತು ಈರುಳ್ಳಿ ಹೆಚ್ಚುತ್ತಿದ್ದರು. ಕಣ್ಣಲ್ಲಿ ಒಂದು ಹನಿ ನೀರು ಬರುವುದಿಲ್ಲ ಎಂದು ಅವರ ವಾದ. ನನ್ನ ಮಗಳು ಚೈತ್ರಾ, ಬಿ.ಕಾಂ. ಕೊನೆಯ ವರ್ಷದವಳು, "ಅಜ್ಜಿ, ಅದಕ್ಕೂ ಈರುಳ್ಳಿಗೂ ಏನೂ ಸಂಬಂಧ ಇಲ್ಲ" ಅಂತ ಹೇಳಿ ನೋಡಿದಳು. ಅಜ್ಜಿ ತಲೆ ಎತ್ತಿ ಎರಡೆರಡು ಕನ್ನಡಕದೊಳಗಿಂದ ಅವಳನ್ನು ನೋಡಿದರು. ಅವಳು ಒಳಗೆ ಹೋದಳು. ಯಾವ ಸಿನಿಮಾದಲ್ಲೂ ಅಷ್ಟು ಭಯಂಕರವಾದ ಮುಖವನ್ನು ನಾನು ಕಂಡಿಲ್ಲ.

ನಮ್ಮ ಮನೆ ವಸಂತಪುರದಲ್ಲಿ. ಮೊದಲು ಇದು ನಮ್ಮ ಮಾವನವರ ರಾಗಿ ಹೊಲ. ಈಗ ಅದೇ ಜಾಗದಲ್ಲಿ ಮೂರು ಮಹಡಿ ಎದ್ದಿದೆ. ಕೆಳಗೆ ನಾವು, ಮೇಲೆ ಬಾಡಿಗೆಯವರು. ರಾಗಿಗೆ ಮಳೆ ಸಾಕಿತ್ತು, ಬಾಡಿಗೆಯವರಿಗೆ ಸಾಕಾಗುವುದಿಲ್ಲ. ಬೋರ್‌ವೆಲ್ ಬೇಸಿಗೆಯಲ್ಲಿ ಮುದುಕನ ಹಾಗೆ ಕೆಮ್ಮಿ ಕೆಮ್ಮಿ ಸ್ವಲ್ಪ ಸ್ವಲ್ಪ ನೀರು ಉಗುಳುತ್ತದೆ. ಅದಕ್ಕೆ ನಮ್ಮತ್ತೆ ಒಂದು ಕಾನೂನು ಮಾಡಿದ್ದರು. ಬೆಳಿಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ ಮೇಲಿನ ಮನೆಗಳಿಗೆ ನೀರು. ಮಿಕ್ಕ ಹೊತ್ತು ಟ್ಯಾಂಕಿನ ಕೆಳಗಿನ ವಾಲ್ವ್ ಬಂದ್. ಮಂಡಿನೋವು ಅಂತ ಗುಡಿಯ ಮೆಟ್ಟಿಲು ಹತ್ತದವರು, ವಾಲ್ವ್ ತಿರುಗಿಸಲು ದಿನಕ್ಕೆ ನಾಲ್ಕು ಸಲ ತಾರಸಿ ಹತ್ತುತ್ತಿದ್ದರು. ಒಳ್ಳೆಯತನಕ್ಕೆ ಇಷ್ಟು ಕಷ್ಟಪಡುವವರನ್ನು ನಾನು ಕಂಡಿಲ್ಲ.

ಬಾಡಿಗೆಯವರು ಅವರಿಗೆ ಇಟ್ಟಿದ್ದ ಹೆಸರು 'ವಾಲ್ವ್ ಅಜ್ಜಿ'. ಹೆಸರಿಟ್ಟವರು ಮೂರನೇ ಮಹಡಿಯ ಪ್ರಕಾಶ್ ಸಾರ್. ಬ್ಯಾಂಕಿನಲ್ಲಿ ಕೆಲಸ, ಬಿಳಿ ಕಾರು. ಆ ಕಾರನ್ನು ಅವರು ಭಾನುವಾರ ಪೈಪ್ ಹಿಡಿದು, ಹಸುಗೂಸಿಗೆ ಎರೆದ ಹಾಗೆ ತೊಳೆಯುತ್ತಿದ್ದರು. ನಮ್ಮತ್ತೆ ಕೆಳಗಿನ ಜಗಲಿಯಲ್ಲಿ ಕೂತು ನೋಡುತ್ತಿದ್ದರು. ಕಾರಿಗೆ ಸೋಪು ಹಚ್ಚುವವರೆಗೂ ಕಾಯುತ್ತಿದ್ದರು. ಸೋಪು ಹಚ್ಚಿ ಮುಗಿಯಿತೋ, ಎದ್ದು ತಾರಸಿಗೆ ಹೋಗಿ ವಾಲ್ವ್ ತಿರುಗಿಸುತ್ತಿದ್ದರು. ಸೋಪು ಒಣಗಿದ ಕಾರು ಸಂಜೆ ನೀರು ಬರುವ ತನಕ ಕ್ಷೌರಕ್ಕೆ ಕೂತ ಗಿರಾಕಿಯ ಹಾಗೆ ರಸ್ತೆಯಲ್ಲಿ ನಿಂತಿರುತ್ತಿತ್ತು.

"ಮೊದಲೇ ಬಂದ್ ಮಾಡಬಹುದಿತ್ತಲ್ಲ ಅತ್ತೆ?" ಅಂತ ನಾನು ಕೇಳಿದ್ದೆ.

"ಮೊದಲೇ ಮಾಡಿದ್ರೆ ಬುದ್ಧಿ ಬರಲ್ಲ ಕಣೇ" ಅಂದಿದ್ದರು.

ಇಂಥವರು ಸೂಪರ್ ಹೀರೋ ಸಿನಿಮಾ ನೋಡಲು ಶುರು ಮಾಡಿದ್ದು ಚೈತ್ರಾಳಿಂದ. ಅವಳ ಗೆಳತಿಯರು ಕೊನೆ ಗಳಿಗೆಯಲ್ಲಿ ಕೈಕೊಟ್ಟು, ಅವಳೂ ಹೋಗದೆ, ಟಿಕೆಟ್ ಹಾಳಾಗುವುದರಲ್ಲಿತ್ತು. ಹಾಳಾಗುವುದು ಅನ್ನುವ ಪದ ಕಿವಿಗೆ ಬಿದ್ದರೆ ನಮ್ಮತ್ತೆ ತಡೆಯುವವರಲ್ಲ. "ನಡಿಯೇ ರತ್ನಾ, ನಾವು ಹೋಗಿ ಬರೋಣ" ಅಂದರು. ಹಾಗೆ ಕನಕಪುರ ರಸ್ತೆಯ ಮಾಲಿಗೆ, ಎಸ್ಕಲೇಟರ್ ಮೇಲೆ ಒಬ್ಬರ ಸೆರಗು ಒಬ್ಬರು ಹಿಡಿದುಕೊಂಡು, ಅತ್ತೆ ಸೊಸೆ ಹೊರಟೆವು.

ಅದು ಇಂಗ್ಲಿಷ್ ಸಿನಿಮಾ. ನನಗೆ ಅರ್ಧ ಅರ್ಥವಾಯಿತು, ಅವರಿಗೆ ಪೂರ್ತಿ ಅರ್ಥವಾಯಿತು. ಭಾಷೆ ಗೊತ್ತಿಲ್ಲದವರಿಗೆ ಆ ಅನುಕೂಲ ಇದೆ.

"ಆ ಬಿಗಿ ಬಟ್ಟೆಯವನಿಗೆ ಬೇರೆ ಕೆಲಸ ಇಲ್ವಾ?"

"ಇದೇ ಕೆಲಸ ಅತ್ತೆ. ಜನರನ್ನ ಕಾಪಾಡೋದು."

"ಸಂಬಳ ಯಾರು ಕೊಡ್ತಾರೆ?"

"ಸಂಬಳ ಇಲ್ಲ."

"ಸಂಬಳ ಇಲ್ದೆ ಕೆಲಸ ಮಾಡೋರನ್ನ ನಂಬಬಾರದು" ಅಂದರು. ಅಷ್ಟರಲ್ಲಿ ಹೀರೋ ಒಂದು ಬಸ್ಸನ್ನು ಎತ್ತಿ ವಿಲನ್ ಮೇಲೆ ಎಸೆದ. ನಮ್ಮತ್ತೆ ಸೀಟಿನಿಂದ ಎದ್ದೇಬಿಟ್ಟರು. "ಅಯ್ಯೋ, ಬಸ್ಸಲ್ಲಿ ಜನ ಇದ್ರಲ್ಲೇ!" ಹಿಂದಿನ ಸಾಲಿನಲ್ಲಿದ್ದ ಹುಡುಗರು ನಕ್ಕರು. ಒಬ್ಬ, "ಕೂತ್ಕೊಳ್ಳಿ ಅಜ್ಜಿ, ಖಾಲಿ ಬಸ್ಸು" ಅಂದ. "ನೀನು ಹತ್ತಿ ನೋಡಿದ್ಯೇನಪ್ಪ?" ಅಂತ ಇವರು ತಿರುಗಿ ಕೇಳಿದರು.

ಅಲ್ಲಿಂದ ನಮಗೆ ಚಟ ಹತ್ತಿತು. ಮಂಗಳವಾರ ಮಧ್ಯಾಹ್ನ ಟಿಕೆಟ್ ಅಗ್ಗ. ಮಂಗಳವಾರ ಒಳ್ಳೆ ಕೆಲಸಕ್ಕೆ ಹೊರಡಬಾರದಲ್ಲ ಅಂತ ನಾನು ಅನುಮಾನ ಮಾಡಿದರೆ, ಸಿನಿಮಾ ಒಳ್ಳೆ ಕೆಲಸ ಅಲ್ಲವಾದ್ದರಿಂದ ದೋಷವಿಲ್ಲ ಅಂತ ತೀರ್ಮಾನ ಕೊಟ್ಟರು. ಪ್ರತಿ ಸಿನಿಮಾದಲ್ಲೂ ಅವರು ವಿಲನ್ ಕಡೆ. ಅದಕ್ಕೆ ಕಾರಣವನ್ನೂ ಹೇಳುತ್ತಿದ್ದರು. "ಹೀರೋ ಯಾವತ್ತಾದ್ರೂ ಟೈಮ್‌ಗೆ ಬಂದಿದಾನಾ? ಅರ್ಧ ಊರು ಬಿದ್ದ ಮೇಲೆ ಬರ್ತಾನೆ, ಮಿಕ್ಕರ್ಧ ತಾನೇ ಬೀಳಿಸ್ತಾನೆ. ವಿಲನ್ ನೋಡು. ನಾಳೆ ಸೂರ್ಯ ಮುಳುಗೋ ಹೊತ್ತಿಗೆ ಬರ್ತೀನಿ ಅಂದ್ರೆ, ಮುಳುಗೋ ಹೊತ್ತಿಗೆ ಸರಿಯಾಗಿ ಬರ್ತಾನೆ."

ನಾನು ಚಿಕ್ಕಂದಿನಲ್ಲಿ ಸಾರಕ್ಕಿಯಲ್ಲಿ ಬೆಳೆದವಳು. ಆಗ ಕೆರೆ ಏರಿ ಮೇಲೆ ಕಳ್ಳ ಪೊಲೀಸ್ ಆಟ ಆಡುತ್ತಿದ್ದೆವು. ಪೊಲೀಸ್ ಆಗಲು ಯಾರಿಗೂ ಇಷ್ಟವಿರಲಿಲ್ಲ. ಕಳ್ಳರು ಹೊಂಗೆ ಮರ ಹತ್ತುತ್ತಿದ್ದರು, ಹುಲ್ಲಿನ ಮೆದೆಯಲ್ಲಿ ಅಡಗುತ್ತಿದ್ದರು, ಸೀಬೆಕಾಯಿ ಕದ್ದು ತಿನ್ನುತ್ತಿದ್ದರು. ಪೊಲೀಸ್ ಒಂದು ಕಂಬಕ್ಕೆ ಮುಖ ಆನಿಸಿ ನಿಂತು ಎಣಿಸಬೇಕು. ನನಗೆ ಜೋರಾಗಿ ಓಡಲು ಬಾರದು, ಹಾಗಾಗಿ ನಾನೇ ಯಾವಾಗಲೂ ಪೊಲೀಸ್. ನ್ಯಾಯದ ಪಕ್ಷಕ್ಕೆ ನಾನು ಸೇರಿದ್ದು ಹೀಗೆ, ಕಾಲಿನಲ್ಲಿ ಶಕ್ತಿ ಸಾಲದೆ. ಲೋಕದಲ್ಲಿ ನನ್ನ ಹಾಗೆ ಒಳ್ಳೆಯವರಾದವರು ಬಹಳ ಜನ ಇರಬೇಕು.

ಕೊನೆಯ ಮಂಗಳವಾರದ ಸಿನಿಮಾ ಕನ್ನಡಕ್ಕೆ ಡಬ್ ಆಗಿತ್ತು. ಬಿಗಿ ಬಟ್ಟೆ ಹಾಕಿ ಗಾಳಿಯಲ್ಲಿ ಹಾರುವವರೆಲ್ಲ ಯಾವುದೋ ಕಾಲದ ಗ್ರಂಥದ ಕನ್ನಡ ಮಾತಾಡುತ್ತಿದ್ದರು. ವಿಲನ್ ದೊಡ್ಡ ಊರೊಂದರ ನೀರನ್ನೆಲ್ಲ ಎಳೆದು ಒಂದು ಉಕ್ಕಿನ ಬಾವಿಯಲ್ಲಿ ಕೂಡಿಹಾಕುತ್ತಾನೆ. "ಮೂಢ ಮಾನವರೇ, ನೀವು ಹರಿಸಿ ಹಾಳು ಮಾಡಿದ್ದು ಸಾಕು! ಇನ್ನು ಮುಂದೆ ನಾನು ಕೊಟ್ಟಷ್ಟೇ ನೀರು!" ಅಂತ ಗುಡುಗುತ್ತಾನೆ.

ನಮ್ಮತ್ತೆ ನನ್ನ ತೊಡೆ ಹಿಂಡಿದರು. "ಎಷ್ಟು ಚೆನ್ನಾಗಿ ಹೇಳ್ದ ನೋಡೇ!"

ಇಂಟರ್‌ವಲ್‌ನಲ್ಲಿ ಜೋಳದ ಪುರಿ ತಿನ್ನುತ್ತಿದ್ದ ಅವರ ಮುಖದಲ್ಲಿ ಒಂದು ಕಳೆ ಇತ್ತು. ಇಷ್ಟು ವರ್ಷ ತಾರಸಿ ಹತ್ತಿ ಇಳಿದದ್ದಕ್ಕೆ ಯಾರೋ ದೂರದೇಶದಲ್ಲಿ ಕೂತು ಬೆಲೆ ಕೊಟ್ಟ ಹಾಗೆ. ಆದರೆ ದ್ವಿತೀಯಾರ್ಧದಲ್ಲಿ ಕೆಟ್ಟಿತು. ಈಗಿನ ಸಿನಿಮಾಗಳಲ್ಲಿ ವಿಲನ್ ಸುಮ್ಮನೆ ವಿಲನ್ ಆಗಿರಲು ಬಿಡುವುದಿಲ್ಲ. ಅವನಿಗೂ ಒಂದು ಕಣ್ಣೀರಿನ ಕಥೆ ಬೇಕು. ಇವನ ತಾಯಿ ಇವನು ಚಿಕ್ಕವನಿದ್ದಾಗ ನೀರಿಲ್ಲದೆ ಸತ್ತಿದ್ದಳಂತೆ, ಅದಕ್ಕೆ ಹೀಗಾದನಂತೆ. ಪಿಟೀಲು ಬಾರಿಸಿದರು. ಪಕ್ಕದ ಸಾಲಿನಲ್ಲಿ ಒಬ್ಬಳು ಮೂಗು ಒರೆಸಿಕೊಂಡಳು.

ನಮ್ಮತ್ತೆಗೆ ಕೋಪ ಬಂತು. "ಇದೇನೇ ಇದು? ನನಗೂ ಎಳೇದ್ರಲ್ಲೇ ಅವ್ವ ಸತ್ಲು. ನಾನೇನು ಅದನ್ನ ಹೇಳ್ಕೊಂಡು ವಾಲ್ವ್ ತಿರುಗಿಸ್ತೀನಾ? ನೀರು ಉಳಿಸ್ಬೇಕು, ಉಳಿಸ್ತೀನಿ. ಅಷ್ಟೇ."

ಕೊನೆಗೆ ಹೀರೋ ಬಂದ, ತಡವಾಗಿಯೇ. ಒಂದೇ ಗುದ್ದಿಗೆ ಉಕ್ಕಿನ ಬಾವಿ ಒಡೆದ. ತ್ರೀ-ಡಿ ಆದ್ದರಿಂದ ನೀರೆಲ್ಲ ನಮ್ಮ ಮೈಮೇಲೇ ಬಂದ ಹಾಗಾಯಿತು. ಊರಿನ ಬೀದಿ ಬೀದಿಯಲ್ಲಿ ನೀರು ನುಗ್ಗಿ ಜನ ಕುಣಿದರು. ಥಿಯೇಟರಿನಲ್ಲಿ ಶಿಳ್ಳೆ. ನಾನೂ ಚಪ್ಪಾಳೆ ತಟ್ಟಲು ಕೈ ಎತ್ತಿ ಪಕ್ಕಕ್ಕೆ ನೋಡಿದೆ. ಕಪ್ಪು ಕನ್ನಡಕದ ಕೆಳಗೆ ನಮ್ಮತ್ತೆಯ ಕೆನ್ನೆ ಒದ್ದೆಯಾಗಿತ್ತು. ಈರುಳ್ಳಿಗೂ ಅಳದ ಕಣ್ಣು.

"ಅಷ್ಟು ನೀರೂ ಚರಂಡಿಗೆ ಹೋಯ್ತಲ್ಲೇ ರತ್ನಾ" ಅಂದರು.

ವಿಲನ್ ಸತ್ತು ಬಿದ್ದ. ಹೆಸರುಗಳು ಮೇಲಕ್ಕೆ ಹರಿಯಲು ಶುರುವಾದವು. ಹುಡುಗರೆಲ್ಲ ಅಲ್ಲಾಡದೆ ಕೂತಿದ್ದರು. "ನಡಿ, ಅವರ ಹೆಸರು ಓದ್ಕೊಂಡು ಕೂರೋಕೆ ನಾವೇನು ನೆಂಟ್ರಾ?" ಅಂತ ಎದ್ದರು. ಬಸ್‌ಸ್ಟಾಪಿನಲ್ಲಿ ನಿಂತಾಗ ನಾನು ಹೀರೋ ಪರ ಒಂದೆರಡು ಮಾತು ಆಡಿದೆ. ಜನ ಬಾಯಾರಿ ಸಾಯುತ್ತಿದ್ದರಲ್ಲ, ಅವನು ಇನ್ನೇನು ಮಾಡಬೇಕಿತ್ತು ಅಂದೆ. ಅವರು ಯೋಚನೆ ಮಾಡಿದರು. ನನ್ನ ಮಾತಿಗೆ ಅವರು ಯೋಚನೆ ಮಾಡುವುದು ಅಪರೂಪ.

"ಜನ ಸಾಯೋ ಹಂಗೆ ಬಂದ್ ಮಾಡಿದ್ದು ಅವನ ತಪ್ಪೇ. ಒಂದು ಗಂಟೆ ಬಿಡ್ಬೇಕಿತ್ತು."

"ಹಂಗಾದ್ರೆ ಯಾರು ಸರಿ ಅತ್ತೆ?"

"ಇಬ್ರೂ ಸರಿ ಇಲ್ಲ. ಇಬ್ರಿಗೂ ಎರಡೆರಡು ಬಿಟ್ಟು, ವಾಲ್ವ್ ನನ್ನ ಕೈಗೆ ಕೊಡ್ಬೇಕಿತ್ತು."

ಬಸ್ಸು ಬಂತು. ಹತ್ತಿ ಮನೆಗೆ ಬಂದೆವು. ಆಮೇಲೆ ಉಪ್ಪಿನ ಮಾತು. ಆಮೇಲೆ ಬುಧವಾರ.

ಮನೆಯಲ್ಲಿ ಸಾವಾದರೆ ಅಳು, ಅಡುಗೆ, ಓಡಾಟ ಇರುತ್ತದೆ ಅಂತ ನನಗೆ ಗೊತ್ತಿತ್ತು. ಪಾತ್ರ ಹಂಚುತ್ತಾರೆ ಅಂತ ಗೊತ್ತಿರಲಿಲ್ಲ. ಬಂದವರಲ್ಲಿ ಎರಡು ಗುಂಪಾಯಿತು. ಒಂದು ಗುಂಪು ನನ್ನನ್ನು ಅಡುಗೆಮನೆಯ ಮೂಲೆಗೆ ಕರೆದು ಕೈ ಹಿಡಿದು, "ಪಾಪ, ಎಷ್ಟು ಅನುಭವಿಸಿದೆ. ಇನ್ನಾದ್ರೂ ಆರಾಮಾಗಿರು" ಅಂತ ಮೆಲ್ಲಗೆ ಹೇಳಿತು. ಅವರ ಸಿನಿಮಾದಲ್ಲಿ ನಾನು ಹೀರೋಯಿನ್, ಹಜಾರದಲ್ಲಿ ಮಲಗಿರುವವರು ವಿಲನ್, ಈಗ ಶುಭಂ. ಇನ್ನೊಂದು ಗುಂಪು ಹಜಾರದಲ್ಲಿ ಕೂತು, ಮಲಗಿರುವವರನ್ನು ದೇವರು ಮಾಡುತ್ತಿತ್ತು. ಕೆಲವರು ಎರಡು ಕಡೆಯೂ ಇದ್ದರು. ಅಡುಗೆಮನೆಯಲ್ಲಿ ಕಾಫಿ ಕುಡಿದು ಒಂದು ಮಾತು, ಹಜಾರಕ್ಕೆ ಹೋಗಿ ಒಂದು ಮಾತು.

ದೇವರು ಮಾಡುವ ಕೆಲಸದ ಮುಂದಾಳು ನನ್ನ ನಾದಿನಿ ಗೌರಿ. ಮದುವೆಯಾದ ಮೇಲೆ ತಾಯಿಯ ಜೊತೆ ಅವಳು ಜಗಳವಾಡದ ಹಬ್ಬವಿಲ್ಲ. "ನಮ್ಮಮ್ಮ ಒಂದು ದಿನ ಯಾರಿಗೂ ಗಟ್ಟಿಯಾಗಿ ಮಾತಾಡಿದೋರಲ್ಲ" ಅಂತ ಅಳುತ್ತಿದ್ದಳು. ಮೂರನೇ ಮಹಡಿಯಿಂದ ಪ್ರಕಾಶ್ ಸಾರ್ ಇಳಿದು ಬಂದು ನಮ್ಮ ಯಜಮಾನರ ಭುಜ ಹಿಡಿದು, "ದೇವತೆ ಸಾರ್ ನಿಮ್ಮ ತಾಯಿ. ನಮ್ಮನ್ನೆಲ್ಲ ಮಕ್ಕಳ ಥರ ನೋಡ್ಕೊಂಡ್ರು" ಅಂದರು. ನಮ್ಮತ್ತೆ ಇದನ್ನು ಕೇಳಿದ್ದರೆ ಎದ್ದು ಕೂತು, ಸೋಪಿನ ಕಾರು ನೆನಪಿದೆಯೇನಪ್ಪ ಅಂತ ಕೇಳುತ್ತಿದ್ದರು. ಏಳಲಿಲ್ಲವಲ್ಲ, ಅವರು ಹೋಗಿದ್ದಾರೆ ಅಂತ ನನಗೆ ನಿಜವಾಗಿ ಗೊತ್ತಾದದ್ದು ಆಗ.

ರಸ್ತೆ ತಿರುವಿನಲ್ಲಿ ಶ್ರದ್ಧಾಂಜಲಿಯ ಫ್ಲೆಕ್ಸ್ ಕಟ್ಟಿಸಿದರು. ನಮ್ಮ ಕಡೆ ಇದು ಆಗಲೇಬೇಕು. ಫ್ಲೆಕ್ಸ್ ಇಲ್ಲದ ಸಾವು ಸಾವೇ ಅಲ್ಲ. ಫೋಟೋದಲ್ಲಿ ನಮ್ಮತ್ತೆ ಮೋಡಗಳ ನಡುವೆ ನಿಂತಿದ್ದರು, ತಲೆಯ ಹಿಂದೆ ಬೆಳಕಿನ ಚಕ್ರ. ಅವರಿಗೆ ಯಾರೋ ಬೆಳ್ಳಗೆ ಬಣ್ಣ ಹಚ್ಚಿದ್ದರು. ಹುಬ್ಬಿನ ನಡುವೆ ಸದಾ ಇರುತ್ತಿದ್ದ ಗಂಟನ್ನು ಅಳಿಸಿದ್ದರು. ತುಟಿಯ ಎರಡೂ ತುದಿಯನ್ನು ಸ್ವಲ್ಪ ಮೇಲಕ್ಕೆ ಎಳೆದು ನಗಿಸಿದ್ದರು. ಕೆಳಗೆ 'ಕರುಣಾಮಯಿ'. ಆ ಮುಖವನ್ನು ನೋಡಿ ನಾನು ಮನೆ ದಾರಿ ತಪ್ಪಿದೆನೇನೋ ಅಂದುಕೊಂಡೆ. ಮೋಡದ ಮೇಲೆ ಹಾರುವ ವೇಷ, ಒಂದು ಬಿಗಿ ಅಂಗಿ ತೊಡಿಸಿದ್ದರೆ ಪೂರ್ತಿಯಾಗುತ್ತಿತ್ತು.

"ಚೆನ್ನಾಗಿ ಬಂದಿದೆ ಅಲ್ವಾ ಅತ್ತಿಗೆ?" ಅಂದಳು ಗೌರಿ.

"ಯಾರಿದು?" ಅಂದೆ. ಅವಳು ನನ್ನ ತಲೆ ಸವರಿದಳು. ದುಃಖದಲ್ಲಿ ಬುದ್ಧಿ ಓಡುತ್ತಿಲ್ಲ ಅಂದುಕೊಂಡಳು.

ಮೂರನೇ ದಿನ ಹಾಲು ತುಪ್ಪ ಬಿಡುವ ಶಾಸ್ತ್ರ. ಸಮಾಧಿಯ ಮೇಲೆ ಹಾಲು ತುಪ್ಪ ಬಿಟ್ಟು, ತೀರಿಕೊಂಡವರಿಗೆ ಇಷ್ಟವಾದದ್ದನ್ನೆಲ್ಲ ಎಲೆಯ ಮೇಲೆ ಎಡೆ ಇಟ್ಟು, ದೂರ ನಿಂತು ಕಾಗೆಯನ್ನು ಕಾಯುತ್ತೇವೆ. ಕಾಗೆ ಮುಟ್ಟಿದರೆ ಹೋದವರಿಗೆ ತೃಪ್ತಿ. ವಡೆ, ಒಬ್ಬಟ್ಟು, ಎಲೆ ಅಡಿಕೆ ಇಟ್ಟೆವು. ಮಾಲಿನ ಜೋಳದ ಪುರಿಯನ್ನೂ ಇಡಬೇಕು ಅಂತ ನನ್ನ ಮನಸ್ಸಿನಲ್ಲಿತ್ತು. ನಾದಿನಿಯ ಮುಖ ನೋಡಿ ಬಿಟ್ಟೆ.

ಎರಡು ಕಾಗೆ ಕರೆಂಟ್ ತಂತಿಯ ಮೇಲೆ ಬಂದು ಕೂತವು. ಕೂತೇ ಇದ್ದವು. ಎಡಕ್ಕೆ ನೋಡಿದವು, ಬಲಕ್ಕೆ ನೋಡಿದವು, ಕೊಕ್ಕು ತಿಕ್ಕಿಕೊಂಡವು. ಕೊನೆಯ ಹೋರಾಟಕ್ಕೆ ಮೊದಲು ಹೀರೋ ಕಟ್ಟಡದ ತುದಿಯಲ್ಲಿ ಕೂತು, ನಾನು ಹೋಗಲೋ ಬೇಡವೋ ಅಂತ ಕಾಲು ಗಂಟೆ ಯೋಚಿಸುತ್ತಾನಲ್ಲ, ಹಾಗೆ. ಕೆಳಗೆ ನಮ್ಮವರೆಲ್ಲ ಹರಕೆ ಹೊರಲು ಶುರು ಮಾಡಿದರು.

"ಅಮ್ಮಾ, ಇನ್ನು ಅಣ್ಣನ ಜೊತೆ ಜಗಳ ಆಡಲ್ಲ, ಬಾಮ್ಮ" ಅಂದಳು ಗೌರಿ.

"ಅವ್ವಾ, ಚೈತ್ರಂಗೆ ಒಳ್ಳೆ ಕಡೆ ಮದುವೆ ಮಾಡ್ತೀನಿ, ಬಂದು ತಗೋ" ಅಂದರು ನಮ್ಮ ಯಜಮಾನರು.

"ಅಪ್ಪಾ, ನನ್ನ ಯಾಕೆ ಮಧ್ಯ ಎಳೀತೀರಾ?" ಅಂದಳು ಚೈತ್ರಾ.

ಅಷ್ಟರಲ್ಲಿ ಮೇಲಿನಿಂದ ಒಂದು ಹದ್ದು ಇಳಿಯಿತು. ರೆಕ್ಕೆ ಮಡಿಸಿ, ಬಾಣದ ಹಾಗೆ. ಯಾರ ಹರಕೆಗೂ ಕಾಯದೆ, ದೊಡ್ಡ ವಡೆಯನ್ನೇ ಆರಿಸಿ, ಹೊತ್ತುಕೊಂಡು ಹೋಯಿತು. ಎಲ್ಲರೂ ಬಾಯಿ ತೆರೆದು ಮೇಲೆ ನೋಡುತ್ತ ನಿಂತರು.

"ಹದ್ದು ಲೆಕ್ಕಕ್ಕೆ ಬರಲ್ಲ. ಕಾಗೇನೇ ಮುಟ್ಟಬೇಕು" ಅಂದರು ನಮ್ಮ ದೊಡ್ಡಮಾವ.

ಹೇಳಿದ ಹೊತ್ತಿಗೆ ಬಂದವನು ವಿಲನ್, ಕೆಲಸ ಮುಗಿಸಿದವನು ವಿಲನ್, ಆದರೆ ಲೆಕ್ಕಕ್ಕಿಲ್ಲ. ನನಗೆ ನಗು ತಡೆಯಲಾಗಲಿಲ್ಲ. ಸೆರಗನ್ನು ಬಾಯಿಗೆ ತುರುಕಿಕೊಂಡೆ. ಭುಜ ಅಲುಗಿತು. "ಅಳಬೇಡಿ ಅತ್ತಿಗೆ" ಅಂತ ಗೌರಿ ಬೆನ್ನು ತಟ್ಟಿದಳು. ನಗುತ್ತಿದ್ದೇನೆ ಅಂತ ಹೇಳಲಾಗಲಿಲ್ಲ. ಸ್ವಲ್ಪ ಹೊತ್ತಿಗೆ ಹೇಳುವ ಅಗತ್ಯವೂ ಉಳಿಯಲಿಲ್ಲ, ಅವಳ ಮಾತೇ ನಿಜವಾಯಿತು. ಹದ್ದು ಹೋದದ್ದನ್ನು ಖಾತ್ರಿ ಮಾಡಿಕೊಂಡು ಕಾಗೆಗಳು ಇಳಿದು, ಉಳಿದದ್ದನ್ನು ತಿಂದವು. ಎಲ್ಲರಿಗೂ ಸಮಾಧಾನವಾಯಿತು.

ಈಗ ನಮ್ಮ ಯಜಮಾನರ ಸಾಹಸ. ಅವರು ಮೆತ್ತನೆಯ ಮನುಷ್ಯ. ಉತ್ತರಹಳ್ಳಿಯಲ್ಲಿ ನಲ್ಲಿ, ಪೈಪು ಮಾರುವ ಅಂಗಡಿ ಇಟ್ಟುಕೊಂಡು, ಲೋಕದ ನೀರಿನ ಕಷ್ಟವನ್ನು ನೀಗಿಸುತ್ತಾರೆ. ಅವ್ವನನ್ನು ಜನ ಇಷ್ಟು ಹೊಗಳಿದ್ದು ಕೇಳಿ ಅವರ ಎದೆ ತುಂಬಿಬಂದಿತ್ತು. "ಅವ್ವನ ಹೆಸರಲ್ಲಿ ಯಾರಿಗೂ ನೀರು ನಿಲ್ಲಿಸೋದು ಬೇಡ" ಅಂದವರೇ ತಾರಸಿಗೆ ಹೋಗಿ ವಾಲ್ವ್ ಪೂರ್ತಿ ಬಿಚ್ಚಿದರು. ಅಂದರೆ, ಯಾವ ಕೆಲಸವನ್ನು ಅತ್ತೆ ಬದುಕಿರುವ ತನಕ ತಡೆದರೋ ಅದನ್ನೇ ಅವರ ನೆನಪಿಗೆ ಇವರು ಮಾಡಿದರು. ಬೀದಿಯ ಜನ ಮೆಚ್ಚಿದರು. ಭಾನುವಾರ ಪ್ರಕಾಶ್ ಸಾರ್ ಕಾರು ಪೂರ್ತಿ ತೊಳೆದರು, ನಾಲ್ಕು ಚಕ್ರ ಸಮೇತ. ನೀರು ನಮ್ಮ ಗೇಟಿನ ಮುಂದೆ ಹರಿದು ಚರಂಡಿಗೆ ಬಿತ್ತು. ನಾನು ಜಗಲಿಯಲ್ಲಿ ಕೂತು ನೋಡಿದೆ. ಏಳಲಿಲ್ಲ. ಅದು ನನ್ನ ಜಾಗ ಅಂತ ಆಗ ನನಗೆ ಅನ್ನಿಸಿರಲಿಲ್ಲ.

ಹನ್ನೊಂದನೇ ದಿನ ತಿಥಿ. ಹಿಂದಿನ ದಿನವೇ ಮನೆ ತುಂಬ ನೆಂಟರು. ಅಂಗಳದಲ್ಲಿ ಒಲೆ ಹೂಡಿ, ಅಕ್ಕಿ ತೊಳೆಯಲು ಬೋರ್‌ವೆಲ್‌ನ ನಲ್ಲಿ ತಿರುಗಿಸಿದರೆ ನಲ್ಲಿ ಬುಸ್ ಎಂದಿತು. ನೆಲದಡಿಯ ಸಂಪು ಖಾಲಿ. ಬೋರ್‌ವೆಲ್ ಕೆಮ್ಮುವುದನ್ನೂ ನಿಲ್ಲಿಸಿತ್ತು. ತಾರಸಿಯ ಟ್ಯಾಂಕಿನಲ್ಲಿ ಮಾತ್ರ ತಳದಲ್ಲಿ ಒಂದಿಷ್ಟು. ಯಜಮಾನರು ಟ್ಯಾಂಕರಿನವನಿಗೆ ಫೋನ್ ಮಾಡಿದರು. "ಆನ್ ದಿ ವೇ ಅಣ್ಣ" ಅಂದನಂತೆ. ಮಧ್ಯಾಹ್ನವೂ ದಾರಿಯಲ್ಲಿದ್ದ, ಸಂಜೆಯೂ ದಾರಿಯಲ್ಲಿದ್ದ.

"ನಮ್ಮಮ್ಮನ ತಿಥಿ ಅಡುಗೆಗೇ ನೀರಿಲ್ಲ ಅಂದ್ರೆ ಏನರ್ಥ ಅತ್ತಿಗೆ? ಮನೇಲಿ ನೋಡ್ಕೊಳ್ಳೋರು ಬೇಡ್ವಾ?" ಅಂತ ಗೌರಿ ಕೇಳಿದಳು. ಅಣ್ಣನನ್ನು ಕೇಳಲಿಲ್ಲ. ಅವನ ಜೊತೆ ಜಗಳ ಆಡುವುದಿಲ್ಲ ಅಂತ ಕಾಗೆಗೆ ಮಾತು ಕೊಟ್ಟಿದ್ದಳು.

ನಾನು ತಾರಸಿ ಹತ್ತಿದೆ. ವಾಲ್ವ್ ಹಿಡಿದು ತಿರುಗಿಸಿದೆ. ಬಿಗಿಯಾಗಿತ್ತು, ನಮ್ಮತ್ತೆ ಅದರ ಹಿಡಿಗೆ ಹಳೆಯ ಸೀರೆಯ ಅಂಚು ಸುತ್ತಿ ಕಟ್ಟಿದ್ದರು, ಕೈ ಜಾರದಿರಲಿ ಅಂತ. ಹಸಿರು ಅಂಚು. ಆ ಸೀರೆಯನ್ನು ನಾನೇ ದೀಪಾವಳಿಗೆ ಕೊಡಿಸಿದ್ದೆ, ಅವರು ಬಣ್ಣ ಸರಿಯಿಲ್ಲ ಅಂದಿದ್ದರು. ಪೂರ್ತಿ ಬಂದ್ ಮಾಡಿ ಇಳಿದೆ.

ಹತ್ತು ನಿಮಿಷಕ್ಕೆ ಪ್ರಕಾಶ್ ಸಾರ್ ಬಾಗಿಲಲ್ಲಿ ನಿಂತಿದ್ದರು, ಕಿವಿಯ ಹತ್ತಿರ ಶಾಂಪೂ.

"ಆಂಟಿ, ನೀರು ನಿಂತೋಯ್ತು."

"ನಾನೇ ನಿಲ್ಲಿಸಿದೀನಿ ಸಾರ್. ನಾಳೆ ತಿಥಿ. ಅಡುಗೆಗೆ ಬೇಕು."

"ಸ್ನಾನ ಮಾಡ್ತಿದ್ದೆ ಆಂಟಿ! ಹೇಳಿ ಮಾಡಬೇಕಲ್ವಾ?"

"ಹೇಳಿ ಮಾಡಿದ್ರೆ ನೀವು ಡ್ರಮ್ ತುಂಬಿಸ್ಕೋತೀರಾ ಸಾರ್."

ಅವರು ನನ್ನನ್ನು ಮೊದಲ ಸಲ ನೋಡಿದ ಹಾಗೆ ನೋಡಿದರು. ಇಷ್ಟು ವರ್ಷ ನಾನು ಅವರ ಲೆಕ್ಕದಲ್ಲಿ ಬಾಗಿಲು ತೆರೆಯುವ ಹೆಂಗಸು. ಆಮೇಲೆ ತಲೆ ಆಡಿಸಿ ಒಂದು 'ಛೆ' ಬೆರೆಸಿ ಹೇಳಿದರು: "ಪಾಪ, ಅಜ್ಜಿ ಇದ್ದಾಗ ನೀರಿಗೆ ಒಂದಿನಾನೂ ತೊಂದರೆ ಇರ್ಲಿಲ್ಲ."

ಇದಕ್ಕೆ ಏನು ಹೇಳುತ್ತೀರಿ? ನಾನು ಬಾಗಿಲು ಹಾಕಿಕೊಂಡೆ.

ಆ ನೀರಿನಲ್ಲಿ ತಿಥಿಯ ಅಡುಗೆ ಆಯಿತು. ಊಟ ಮುಗಿದು, ಎಲೆ ಎತ್ತಿ, ನೆಂಟರು ಚಪ್ಪಲಿ ಹುಡುಕುತ್ತಿರುವಾಗ ಟ್ಯಾಂಕರು ಹಾರ್ನ್ ಹೊಡೆದುಕೊಂಡು ಬಂತು. ಎಲ್ಲರೂ ಗೇಟಿನ ತನಕ ಹೋಗಿ ಅದನ್ನು ಬರಮಾಡಿಕೊಂಡರು. ಹೀರೋಗೆ ಸಿಗುವ ಮರ್ಯಾದೆ ಬೇರೆ.

ಈಗ ತಿಂಗಳುಗಳಾಗಿವೆ. ವಾಲ್ವ್ ನನ್ನ ಕೈಯಲ್ಲಿದೆ. ಬೆಳಿಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ. ನನಗೂ ಮಂಡಿ ನೋಯಲು ಶುರುವಾಗಿದೆ. ಫ್ಲೆಕ್ಸನ್ನು ಬಿಚ್ಚಿ ಯಜಮಾನರು ಅಂಗಡಿಯ ಪೈಪುಗಳ ಮೇಲೆ ಹೊದಿಸಿದ್ದಾರೆ. ಕರುಣಾಮಯಿ ಅಲ್ಲಿ ಧೂಳು ತಡೆಯುತ್ತಿದ್ದಾರೆ, ಅದಾದರೂ ಅವರಿಗೆ ಒಪ್ಪುವ ಕೆಲಸ. ಮೊನ್ನೆ ಈರುಳ್ಳಿ ಬುಟ್ಟಿಯಲ್ಲಿ ಕಪ್ಪು ಕನ್ನಡಕ ಸಿಕ್ಕಿತು. ಹಾಕಿಕೊಂಡು ಹೆಚ್ಚಲು ಕೂತೆ. ಚೈತ್ರಾ ನೋಡಿ ನಕ್ಕು, ಪಕ್ಕದಲ್ಲಿ ಕೂತು, ಆ ಕೊನೆಯ ಸಿನಿಮಾದ ಮಾತು ತೆಗೆದಳು. ಅವಳು ಗೆಳತಿಯರ ಜೊತೆ ಅದನ್ನು ನಮಗಿಂತ ಮೊದಲೇ ನೋಡಿದ್ದಳು.

"ಲಾಸ್ಟ್ ಸೀನ್ ಸಖತ್ ಅಲ್ವಾಮ್ಮ?"

"ಯಾವುದು, ನೀರು ಬಿಡೋದಾ?"

"ಅದಲ್ಲ. ಹೆಸರೆಲ್ಲ ಮುಗಿದ ಮೇಲೆ ಬರುತ್ತಲ್ಲ. ವಿಲನ್ ಕಣ್ಣು ಬಿಡ್ತಾನಲ್ಲ. ಸತ್ತಿರಲ್ಲ ಅವನು. ನೀವು ನೋಡ್ಲಿಲ್ವಾ?"

"ಇಲ್ಲ. ಎದ್ದು ಬಂದ್ವಿ."

"ಅಯ್ಯೋ, ಅದಕ್ಕೇ ಅಲ್ವಾ ಎಲ್ಲರೂ ಕೂತಿರೋದು!"

ಅವಳು ಎದ್ದುಹೋದ ಮೇಲೂ ನಾನು ಹೆಚ್ಚುತ್ತಿದ್ದೆ. ಕಪ್ಪು ಕನ್ನಡಕ ಹಾಕಿದ್ದರೂ ನನಗೆ ಕಣ್ಣಲ್ಲಿ ನೀರು ಬರುತ್ತದೆ. ಕನ್ನಡಕ ಹಳೆಯದಾಗಿರಬೇಕು.

ಬೀದಿಯಲ್ಲಿ ನನಗೆ 'ವಾಲ್ವ್ ಆಂಟಿ' ಅಂತ ಹೆಸರು ಬಿದ್ದಿದೆ ಅಂತ ಚೈತ್ರಾ ಹೇಳಿದಳು. ಬಾಡಿಗೆಯವರು ಮೆಟ್ಟಿಲ ಮೇಲೆ ನಿಂತು ನನ್ನನ್ನು ಬೈದುಕೊಳ್ಳುವುದು ಕೇಳಿಸುತ್ತದೆ, ನಾನು ಹೊರಗೆ ಬಂದರೆ ನಗುತ್ತಾರೆ. ಗೌರಿ ಫೋನಿನಲ್ಲಿ ಅಣ್ಣನ ಹತ್ತಿರ ನನ್ನನ್ನು ಬೈಯುತ್ತಾಳಂತೆ. ಯಜಮಾನರು ಏನು ಬಡಿಸಿದರೂ ಚೆನ್ನಾಗಿದೆ ಅಂತ ತಿಂದು ಏಳುತ್ತಾರೆ. ನಿನ್ನೆಯ ಸಾರಿಗೆ ಉಪ್ಪು ಹಾಕಿಯೇ ಇರಲಿಲ್ಲ, ಅದನ್ನೂ ಚೆನ್ನಾಗಿದೆ ಅಂದರು. ಬೆನ್ನ ಹಿಂದೆ ಬೈಯುವವರು ನನಗೆ ಬೇಕಾದಷ್ಟು ಜನ ಇದ್ದಾರೆ. ಎದುರಿಗೆ ಕೂತು ಬೈಯುವವರು ಇಲ್ಲ.